ಸಿಂಗಾರಿ ಏಡಿ ಹೊತ್ತದ್ದು

“ಗಾಜಿಗೆ ಬೆರಳು ತಾಗಿಸಬೇಡಿ ಟೀಚರಮ್ಮ. ಗಾಬರಿಯಾಗುತ್ತೆ.”

“ಮೀನಿಗೋ, ನಿನಗೋ?” ಎಂದರು ಟೀಚರಮ್ಮ. ಬೆರಳು ತೆಗೆಯಲಿಲ್ಲ.

ಮೀನಿನ ಸಾಹುಕಾರ ಹಲ್ಲು ಕಿರಿದ. ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು.

ಹೊರಗೆ ಹಾಡಹಗಲು. ಅಂಗಡಿಯೊಳಗೆ ಕಿಟಕಿಗಳಿಗೆಲ್ಲ ಕರಿಬಟ್ಟೆ ಬಿಗಿದಿತ್ತು. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು, ತೊಟ್ಟಿಗೊಂದು ದೀಪ, ದೀಪದ ಕೆಳಗೆ ಯಾರೋ ಕಂಡು ಮರೆತ ಕನಸಿನಂತೆ ತೇಲುವ ಮೀನುಗಳು. ಗಾಳಿಗುಳ್ಳೆಗಳ ಗುಳುಗುಳು ಬಿಟ್ಟರೆ ಬೇರೆ ಸದ್ದಿಲ್ಲ. ಒಳಗೆ ಬಂದವರಿಗೂ ತಾವು ನೀರಿನ ತಳದಲ್ಲೇ ನಿಂತಿದ್ದೇವೆ ಅನ್ನಿಸಬೇಕು, ಹಾಗಿತ್ತು.

ಟೀಚರಮ್ಮನ ಡೈವಿಂಗ್ ಶಾಲೆಯ ಮಾರ್ಗದರ್ಶಿ ಕೆಂಟೋಪಿ ಸತ್ತು ವಾರ ತುಂಬಿರಲಿಲ್ಲ. ಅವನ ಸಿಲಿಂಡರಿಗೆ ಕೆಟ್ಟ ಗಾಳಿ ತುಂಬಿ ಕೊಂದನೆಂದು ಟೀಚರಮ್ಮನ ಅಳಿಯನನ್ನು ಠಾಣೆಯಲ್ಲಿ ಕೂಡಿಹಾಕಿದ್ದರು. ನಾಳೆ ಬೆಳಿಗ್ಗೆ ಕೋರ್ಟು.

“ಕೆಂಟೋಪಿ ನಿನ್ನ ಮೇಲೆ ದೂರು ಕೊಡ್ತೀನಿ ಅಂದಿದ್ದ. ಹವಳದ ಸಂದಿಗೆ ವಿಷ ಹಿಂಡಿಸಿ, ಮೀನಿಗೆ ಮತ್ತು ಬರಿಸಿ ಹಿಡಿಸ್ತೀಯ ಅಂತ.”

“ಅಂದಿದ್ದ. ನನ್ನ ಮೇಲೆ ದೂರು ಹೇಳೋರೆಲ್ಲ ಸಾಯೋದಾದ್ರೆ ಈ ಊರು ಖಾಲಿಯಾಗಬೇಕಿತ್ತು.” ಸಾಹುಕಾರ ಒದ್ದೆ ಬಟ್ಟೆಯಿಂದ ಗಾಜು ಒರೆಸತೊಡಗಿದ. “ಅವತ್ತು ನಾನು ಊರಲ್ಲೇ ಇರಲಿಲ್ಲ ಟೀಚರಮ್ಮ. ತಂಗಿ ಹೆರಿಗೆ ಅಂತ ಆಸ್ಪತ್ರೇಲಿದ್ದೆ. ಇನ್ಸ್‌ಪೆಕ್ಟರು ವಿಚಾರಿಸಿದ್ದೂ ಆಯ್ತು. ಬೇಕಾದ್ರೆ ಮಗೂನೇ ಕೇಳಿ.”

“ಮಗು ಸಾಕ್ಷಿ ಹೇಳುತ್ತೇನು?”

“ಸೋದರಮಾವನ ಪರ ಹೇಳುತ್ತೆ ಬಿಡಿ.”

ಟೀಚರಮ್ಮ ನಗಲಿಲ್ಲ. “ನೀನು ಇರಲಿಲ್ಲ, ಸರಿ. ನಿನಗೆ ಮೀನು ಹಿಡಿದು ತಂದುಕೊಡೋನು ಯಾರು? ಅವನೆಲ್ಲಿದ್ದ?”

ಒರೆಸುತ್ತಿದ್ದ ಬಟ್ಟೆ ನಿಂತಿತು.

“ಅದೊಂದು ಕೇಳಬೇಡಿ.”

“ಯಾಕೆ?”

“ಹೇಳಿದ್ರೆ ನನ್ನ ವ್ಯಾಪಾರ ಹೋಗುತ್ತೆ. ಕೇಳಿದ್ರೆ ನಿಮ್ಮ ನಿದ್ದೆ ಹೋಗುತ್ತೆ.”

ಇಂಥ ಮಾತು ಟೀಚರಮ್ಮನಿಗೆ ಹೊಸದಲ್ಲ. ಊರಿನ ಅರ್ಧ ಜನಕ್ಕೆ ನೀರೊಳಗೆ ಉಸಿರಾಡುವುದನ್ನು ಕಲಿಸಿದವರು ಅವರು. ಮುಳುಗಿದವರು ಮೇಲೆ ಬಾರದೆ ಹೋದಾಗ ಪೊಲೀಸಿನವರು ಮೊದಲು ಬಡಿಯುತ್ತಿದ್ದುದು ಅವರ ಮನೆಯ ಬಾಗಿಲನ್ನೇ. ಹೆಣ ಎತ್ತಿ ತರುವಾಗ ಜತೆಗೆ ನಾಲ್ಕಾರು ನಿಜವನ್ನೂ ಎತ್ತಿ ತಂದಿದ್ದರು. ತಪ್ಪಿತಸ್ಥರೆಲ್ಲ ಹೀಗೆಯೇ ಒಗಟಾಡುತ್ತಾರೆಂದು ಅವರಿಗೆ ಗೊತ್ತಿತ್ತು. ಜಂಬದ ಮಾತು ಎಂದುಕೊಂಡು ಬಿಟ್ಟುಬಿಟ್ಟರು.

ಬಿಡಬಾರದಿತ್ತು.

ಬಾಗಿಲ ಕಡೆ ತಿರುಗಿದವರು ಮೂಲೆಯ ಚಿಕ್ಕ ತೊಟ್ಟಿಯ ಮುಂದೆ ನಿಂತರು. ಅದರೊಳಗೆ ಹಸಿರು ನಾರಿನ ಉಂಡೆಯೊಂದು ನಡೆಯುತ್ತಿತ್ತು. ಬಾಗಿ ನೋಡಿದರೆ ನಾರಿನ ಕೆಳಗೆ ಕಾಲುಗಳು, ಎರಡು ಪುಟ್ಟ ಕಣ್ಣುಗಳು.

“ಸಿಂಗಾರಿ ಏಡಿ,” ಎಂದ ಸಾಹುಕಾರ, ಮಾತು ಬೇರೆ ಕಡೆ ತಿರುಗಿತೆಂಬ ಸಂತೋಷದಲ್ಲಿ. “ತೊಟ್ಟಿ ಉಜ್ಜೋ ನಾರನ್ನ ಮೊನ್ನೆ ಒಳಗೇ ಬಿಟ್ಟಿದ್ದೆ. ಬೆಳಗಾಗೋದ್ರೊಳಗೆ ಹರಿದು ಮೈತುಂಬ ಚುಚ್ಚಿಕೊಂಡಿದೆ ನೋಡಿ. ಥೇಟ್ ಮದುವೆಮನೆಗೆ ಹೊರಟ ಹಾಗೆ!”

ಈ ಏಡಿಯ ಸ್ವಭಾವ ಟೀಚರಮ್ಮನಿಗೆ ಹೊಸದೇನಲ್ಲ. ಅದರ ಬೆನ್ನಿನ ಮೇಲೆ ಕೊಕ್ಕೆಯಂಥ ಕೂದಲು. ಶತ್ರುವಿನ ಕಣ್ಣಿಗೆ ಬೀಳದಿರಲೆಂದು ಸುತ್ತ ಸಿಕ್ಕಿದ್ದನ್ನೆಲ್ಲ, ಪಾಚಿಯೋ ಸ್ಪಂಜೋ, ಕಿತ್ತು ಅದಕ್ಕೆ ಸಿಕ್ಕಿಸಿಕೊಳ್ಳುತ್ತದೆ. ದೂರ ಹೋಗುವ ಜೀವವಲ್ಲ. ತನ್ನ ಹವಳದ ಬುಡ ಬಿಟ್ಟು ಕದಲುವುದಿಲ್ಲ. ಇದನ್ನೆಲ್ಲ ಅವರು ಎಷ್ಟೋ ಸಲ ಪಾಠ ಹೇಳಿದ್ದರು.

ಈಗ ಆ ಪಾಠ ತಮಗೇ ಯಾರೋ ಹೇಳಿದಂತಾಯಿತು.

“ದೇವರೇ,” ಎಂದರು ಮೆಲ್ಲಗೆ. ಸಾಹುಕಾರನಿಗೆ ಹೇಳದೆಯೇ ಹೊರಟುಹೋದರು.

*

ಇನ್ಸ್‌ಪೆಕ್ಟರು ದೋಣಿಕಟ್ಟೆಯ ತುದಿಗೆ ಬರಲಿಲ್ಲ. ನೀರು ಕಾಣದಷ್ಟು ದೂರದಲ್ಲಿ, ಮಂಜುಗಡ್ಡೆ ಪುಡಿಮಾಡುವ ಶೆಡ್ಡಿನ ನೆರಳಿನಲ್ಲಿ ನಿಂತು ಮಾತಾಡಿದರು. ಹಿಂದೆ ಅವರೂ ಟೀಚರಮ್ಮನ ಶಿಷ್ಯರೇ. ಮಾಸ್ಕಿನೊಳಗೆ ಒಂದು ಚಮಚ ನೀರು ಹೊಕ್ಕಿದ್ದಕ್ಕೆ ಕೊಳದಿಂದ ಎದ್ದು ಓಡಿದವರು ಮತ್ತೆ ಇಳಿದಿರಲಿಲ್ಲ.

“ಏಡಿನ ಕಟಕಟೆಗೆ ಹತ್ತಿಸೋಕಾಗುತ್ತಾ ಟೀಚರ್?”

“ಹತ್ತಿಸಬೇಡಪ್ಪ. ನಾನು ತೆಗೆದು ತರೋ ಫೋಟೋ ನೋಡು ಸಾಕು. ಕೆಂಟೋಪಿಯ ಟೋಪಿ ನಿನ್ನ ಹತ್ತಿರಾನೇ ಇದೆಯಲ್ಲ, ಅದರಲ್ಲಿ ಒಂದು ಅಂಗೈಯಷ್ಟು ಜಾಗ ಹರಿದುಹೋಗಿದೆ. ಆ ಉಣ್ಣೆ ಎಲ್ಲಿ?”

“ದೋಣಿಗೆ ಸಿಕ್ಕಿ ಹರಿದಿರುತ್ತೆ.”

“ಅವನ ಹೆಣ ಸಿಕ್ಕಿದ್ದು ನೀರಡಿಯ ಮರಳುಬಯಲಲ್ಲಿ. ಅಲ್ಲಿ ಹರಿಯೋಕೆ ಒಂದು ಕಲ್ಲಾದರೂ ಬೇಕಲ್ಲ? ಬರೀ ಮರಳು. ಗೋಡೇಲಿ ಸತ್ತಿದ್ದರೆ?”

ಕಡಲೊಳಗಿನ ಬಂಡೆಯ ಆಚೆ ಮಗ್ಗುಲು ನೆಟ್ಟಗೆ ನೀಲಿಯೊಳಕ್ಕೆ ಇಳಿಯುವ ಜಾಗವನ್ನು ಮುಳುಗುವವರು ಗೋಡೆ ಎನ್ನುತ್ತಿದ್ದರು. ಅಲ್ಲೊಂದು ದೊಡ್ಡ ಬೀಸಣಿಗೆ ಹವಳ. ಅದರ ಬುಡದಲ್ಲೊಂದು ಸಿಂಗಾರಿ ಏಡಿ. ಬಂದ ಪ್ರವಾಸಿಗಳಿಗೆಲ್ಲ ಕೆಂಟೋಪಿ ಅದನ್ನು ತನ್ನ ಸ್ವಂತ ನೆಂಟನಂತೆ ತೋರಿಸುತ್ತಿದ್ದ.

ಇನ್ಸ್‌ಪೆಕ್ಟರು ಗಲ್ಲ ಕೆರೆದುಕೊಂಡರು. “ಮೊದಲೇ ಯಾವಾಗಲೋ ಹರಿದಿದ್ರೆ?”

“ಹಿಂದಿನ ಸಂಜೆ ನಾನೇ ಅದರ ಅಂಚು ಹೊಲಿದು ಕೊಟ್ಟೆ. ಇಡೀ ಇತ್ತು.”

“ಅಂದ್ರೆ ಗೋಡೇಲಿ ಸತ್ತವನನ್ನ ಯಾರೋ ಮರಳಿಗೆ ತಂದು ಹಾಕಿದ್ರು. ಬೆನ್ನಿಗೆ ನಿಮ್ಮ ಅಳಿಯ ತುಂಬಿದ್ದು ಅನ್ನಿಸೋ ಹಾಗೆ ಕೆಟ್ಟ ಗಾಳಿಯ ಸಿಲಿಂಡರ್ ಕಟ್ಟಿದ್ರು.”

“ಅಳಿಯ ಆ ಬೆಳಿಗ್ಗೆ ಪೂರ್ತಿ ಕೊಳದಲ್ಲಿ ಹೊಸಬರಿಗೆ ಪಾಠ ಹೇಳ್ತಿದ್ದ. ಹೆಣ ಹೊರೋಕೆ ಅವನಿಗೆ ಎಷ್ಟು ಕೈ?”

ಇನ್ಸ್‌ಪೆಕ್ಟರು ಶೆಡ್ಡಿನ ನೆಲದ ಮಂಜುಗಡ್ಡೆಯ ಚೂರೊಂದನ್ನು ಬೂಟಿನಿಂದ ಪಕ್ಕಕ್ಕೆ ತಳ್ಳಿದರು.

“ಸಂಜೆಯೊಳಗೆ ಫೋಟೋ ತನ್ನಿ. ಗೋಡೇಲಿ ಕೆಂಪು ಉಣ್ಣೆ ಸಿಕ್ಕರೆ ನಾಳೆ ನಿಮ್ಮ ಅಳಿಯ ಮನೇಲಿ ತಿಂಡಿ ತಿಂತಾನೆ. ಸಿಗದೇ ಇದ್ರೆ ನನ್ನ ಕೈಲಿ ಏನೂ ಇಲ್ಲ.” ಹೊರಟವರು ತಿರುಗಿ, “ಏಡಿ ವಿಷಯ ಯಾರಿಗಾದ್ರೂ ಹೇಳಿದೀರಾ?”

“ಮಗಳಿಗೆ ಮಾತ್ರ.”

“ಅಷ್ಟಕ್ಕೇ ಇರಲಿ.”

*

ದೋಣಿ ನಡೆಸುತ್ತಿದ್ದವನು ಮೈದುನ. ಟೀಚರಮ್ಮನ ಯಜಮಾನರ ತಮ್ಮ. ಒಂದು ಕಾಲದಲ್ಲಿ ಈ ಕಡಲಿನಲ್ಲಿ ಅವನಷ್ಟು ಆಳಕ್ಕೆ ಇಳಿದವರಿರಲಿಲ್ಲ. ಎಡಗಿವಿಯ ತಮಟೆ ಒಡೆದ ಮೇಲೆ ಡಾಕ್ಟರು ನೀರು ಬಿಡಿಸಿದರು. ಅಂದಿನಿಂದ ದೋಣಿಯ ಚುಕ್ಕಾಣಿಯೇ ಅವನ ಪಾಲಿಗೆ ಉಳಿದ ಕಡಲು.

ಯಜಮಾನರು ತೀರಿಕೊಂಡ ವರ್ಷ ಟೀಚರಮ್ಮನಿಗೆ ಮಾತು ಬೇಡವಾಗಿತ್ತು. ಕಿಟಕಿಯ ಬಳಿ ಕೂತು ಟೋಪಿಗಳನ್ನು ಹೆಣೆದರು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ದೂರದ ನೀರಿನಲ್ಲಿ ಯಾರು ಯಾರೆಂದು ಗುರುತು ಸಿಗಲಿ ಎಂದು. ಮಗಳಿಗೆ ಹಳದಿ, ಅಳಿಯನಿಗೆ ಹಸಿರು. ಶಾಲೆಯ ಮಾರ್ಗದರ್ಶಿಗೆ ಕೆಂಪು; ಆ ಹುಡುಗ ಅದನ್ನು ನೀರಿನ ಮೇಲೂ ತೆಗೆಯದೆ, ನೀರಿನೊಳಗೂ ತೆಗೆಯದೆ, ಕೊನೆಗೆ ಅಪ್ಪ ಅಮ್ಮ ಇಟ್ಟ ಹೆಸರನ್ನೇ ಕಳೆದುಕೊಂಡು ಕೆಂಟೋಪಿಯಾದ. ಮೈದುನನಿಗೆ ನೀಲಿ. ಗಾಳಿ ಹೊಗದಂತೆ ಅದಕ್ಕೆ ಎರಡು ಕಿವಿಪಟ್ಟಿಗಳನ್ನೂ ಸೇರಿಸಿದ್ದರು.

ಇಂದು ಅವನು ತಲೆಗೆ ಟವಲು ಸುತ್ತಿಕೊಂಡಿದ್ದ.

“ಟೋಪಿ ಎಲ್ಲೋ?” ಎಂದರು ಟೀಚರಮ್ಮ.

“ಆಂ?”

“ಟೋಪಿ!”

“ಒಗೆದು ಹಾಕಿದೀನಿ ಅತ್ತಿಗೆ. ಉಪ್ಪು ಹಿಡಿದು ತಗಡಿನ ಹಾಗಾಗಿತ್ತು.”

“ಚಿಕ್ಕಪ್ಪನ ಕಿವಿಗೆ ಈ ವಾರ ಪೂರ್ತಿ ರಜಾ ಅಮ್ಮ,” ಎಂದಳು ಮಗಳು. “ಬಲಗಿವಿ ಹತ್ತಿರ ಅರ್ಜಿ ಹಾಕಬೇಕು.”

“ನಿನ್ನ ಮಾತು ಕೇಳಿಸದೆ ಇರೋದೇ ಪುಣ್ಯ ಕಣೇ.” ಅವನು ಅವಳ ತಲೆಯ ಮೇಲೆ ಮೆಲ್ಲಗೆ ಮೊಟಕಿದ. ಗಂಡ ಠಾಣೆ ಸೇರಿದ ದಿನದಿಂದ ಅವಳು ನಕ್ಕಿದ್ದು ಇದೇ ಮೊದಲು. ಅಪ್ಪ ಹೋದ ಮೇಲೆ ಅವಳಿಗೆ ಅಪ್ಪನ ಜಾಗದಲ್ಲಿ ನಿಂತವನು ಇವನೇ.

“ಗೋಡೆ ಕಡೆ ಯಾಕೆ ಇವತ್ತು?” ಎಂದ ಲಂಗರು ಬಿಡುತ್ತಾ.

“ಕೆಂಟೋಪಿ ಓಡಾಡಿದ ಜಾಗ. ಒಂದು ಸಲ ನೋಡಿ ಬರೋಣ ಅಂತ,” ಎಂದರು ಟೀಚರಮ್ಮ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವನ ಕೈಯಲ್ಲಿ ಹಗ್ಗ ಒಂದು ಕ್ಷಣ ನಿಂತು ಮತ್ತೆ ಓಡಿತು. ಅದನ್ನು ಅವರು ನೋಡಿದರು. ಆದರೆ ಆಗ ನೋಡಿದ್ದಕ್ಕೂ ಆಮೇಲೆ ನೆನೆದದ್ದಕ್ಕೂ ಬಹಳ ಅಂತರವಿತ್ತು.

“ಕ್ಯಾಮೆರಾ ಜೋಪಾನ,” ಎಂದ ಮಗಳಿಗೆ. “ಮೇಲೆ ಬಂದ ತಕ್ಷಣ ಕ್ರಮ ನೆನಪಿದೆಯಲ್ಲ?”

“ಮೊದಲು ಕ್ಯಾಮೆರಾ, ಆಮೇಲೆ ಸೊಂಟದ ಸೀಸದ ಪಟ್ಟಿ, ಆಮೇಲೆ ಸಿಲಿಂಡರು, ಕೊನೆಗೆ ನಾವು,” ಎಂದು ಮಗಳು ಮಗ್ಗಿಯಂತೆ ಒಪ್ಪಿಸಿದಳು. ನೀರಿನಲ್ಲಿ ತೇಲುವವರು ಮೊದಲು ಕ್ಯಾಮೆರಾವನ್ನು ದೋಣಿಯವನ ಕೈಗೆ ಕೊಟ್ಟುಬಿಡಬೇಕು. ಏಣಿ ಹತ್ತುವಾಗ ಅಲೆ ಬಡಿದರೆ ಗಾಜು ಉಳಿಯುವುದಿಲ್ಲ. ಈ ಕ್ರಮವನ್ನು ಶಾಲೆಗೆ ಕಲಿಸಿದವರು ಟೀಚರಮ್ಮನೇ. ತಪ್ಪಿದವರಿಗೆ ಅವರಿಂದ ಬೈಗುಳ ತಪ್ಪಿದ್ದಿಲ್ಲ.

ಇಬ್ಬರೂ ಮಾಸ್ಕು ಒತ್ತಿ ಹಿಡಿದು ಹಿಂದಕ್ಕೆ ಉರುಳಿದರು.

*

ಮೇಲಿನ ಲೋಕ ಬಾಗಿಲು ಮುಚ್ಚಿಕೊಂಡಿತು.

ಇಷ್ಟು ವರ್ಷಗಳಾದರೂ ಈ ಮೊದಲ ಕ್ಷಣ ಟೀಚರಮ್ಮನಿಗೆ ಹಳತಾಗಿರಲಿಲ್ಲ. ಮೈಭಾರ ಕಳಚಿಬೀಳುತ್ತದೆ. ಮೊಣಕಾಲಿನ ನೋವು, ಮನೆಯ ಖಾಲಿ ಕುರ್ಚಿ, ನಾಳೆಯ ಕೋರ್ಟು ಎಲ್ಲವೂ ಮೇಲೆಯೇ ಉಳಿಯುತ್ತವೆ. ಉಳಿಯುವುದು ತನ್ನ ಉಸಿರಿನ ಸದ್ದೊಂದೇ. ಒಳಗೆ, ಹೊರಗೆ. ಆ ಸದ್ದಿಗೆ ಅವರು ದೇವರ ನಾಮವನ್ನು ಸೇರಿಸಿಕೊಂಡು ಇಳಿಯುತ್ತಿದ್ದರು. ಇಷ್ಟು ಚೆಲುವನ್ನು ಯಾರೂ ನೋಡದ ಕಡೆ ತಂದಿಟ್ಟವನು ಏನನ್ನೂ ದಂಡಕ್ಕೆ ಮಾಡಿರಲಾರ ಎಂದು ಅವರ ನಂಬಿಕೆ. ಯಜಮಾನರು ಹೋದ ಮೇಲೆ ಅದು ಅಲ್ಲಾಡಿದ್ದುಂಟು. ನೀರಿಗಿಳಿದಾಗ ಮಾತ್ರ ಮತ್ತೆ ನೆಲೆಗೆ ಬರುತ್ತಿತ್ತು.

ಬೆಳ್ಳಿಯ ಸಣ್ಣ ಮೀನುಗಳ ಹಿಂಡೊಂದು ಅವರ ಸುತ್ತ ಸೀರೆಯ ಸೆರಗಿನಂತೆ ಬಿಚ್ಚಿ ಮುಚ್ಚಿತು. ಗಿಣಿಮೀನುಗಳು ಹವಳ ಕಡಿಯುವ ಕಟಕಟ ಸದ್ದು ಕಿವಿಗೆ ಹತ್ತಿರದಲ್ಲೇ ಕೇಳಿತು. ಬಂಡೆಯ ಗೂಡಿನಲ್ಲಿ ಮುದಿ ಆಮೆಯೊಂದು ಕಣ್ಣುಮುಚ್ಚಿ ಮಲಗಿತ್ತು. ಯಜಮಾನರಿಗೆ ಈ ಆಮೆಯೆಂದರೆ ಪ್ರೀತಿ. “ಅತ್ತೆ ಮಲಗಿದಾರೆ, ಸದ್ದು ಮಾಡಬೇಡಿ,” ಎಂದು ದೋಣಿಯಲ್ಲಿ ಎಲ್ಲರಿಗೂ ಹೇಳಿಯೇ ಇಳಿಯುತ್ತಿದ್ದರು. ಟೀಚರಮ್ಮ ಕೈಯೆತ್ತಿ ಆಮೆಗೊಂದು ನಮಸ್ಕಾರ ಹಾಕಿದರು. ಮಗಳೂ ಹಾಕಿದಳು.

ಬಂಡೆ ತಟ್ಟನೆ ಮುಗಿಯಿತು. ಕೆಳಗೆ ಬರೀ ನೀಲಿ, ತಳವಿಲ್ಲದ ನೀಲಿ. ಗೋಡೆಯನ್ನು ಹಿಡಿದು ಇಳಿದಂತೆ ಬಣ್ಣಗಳು ಒಂದೊಂದಾಗಿ ಮೈಮೇಲಿನಿಂದ ಜಾರಿಹೋದವು. ಆಳದಲ್ಲಿ ಮೊದಲು ಸಾಯುವುದು ಕೆಂಪು. ರಕ್ತವೂ ಅಲ್ಲಿ ಕಪ್ಪಾಗಿ ಕಾಣುತ್ತದೆ. ಮಗಳ ತುಟಿ ಬೂದಿಯಾಗಿತ್ತು. ಅವಳ ಹಳದಿ ಟೋಪಿ ಒಣಗಿದ ಎಲೆಯ ಬಣ್ಣ.

ಬೀಸಣಿಗೆ ಹವಳ ಹೊಳೆಯ ಸೆಳೆತಕ್ಕೆ ಬಾಗಿದ ಮರದಂತೆ ನಿಂತಿತ್ತು. ಅದರ ಒಂದು ಕೊಂಬೆ ಮುರಿದಿತ್ತು. ಮುರಿದ ತುದಿ ಇನ್ನೂ ಬೆಳ್ಳಗೆ, ಹೊಸ ಗಾಯ.

ಮಗಳು ಅದನ್ನು ತೋರಿಸಿದಳು. ಟೀಚರಮ್ಮ ತಲೆಯಾಡಿಸಿ ಬುಡದ ಕಡೆ ಬಾಗಿದರು.

ಏಡಿ ಕಾಣಲಿಲ್ಲ.

ಒಂದು ಕಪ್ಪು ಪಾಚಿಯ ಗಂಟು, ಅಷ್ಟೇ. ಆಮೇಲೆ ಪಾಚಿಯ ಗಂಟು ಎರಡು ಹೆಜ್ಜೆ ಇಟ್ಟಿತು.

ಟೀಚರಮ್ಮ ಟಾರ್ಚ್ ಹಚ್ಚಿದರು.

ಸತ್ತುಹೋಗಿದ್ದ ಕೆಂಪು ಎದ್ದು ಕೂತಿತು. ಕೆಂಡದಂಥ ಕೆಂಪು ಉಣ್ಣೆ, ಎಳೆ ಎಳೆಯಾಗಿ, ಏಡಿಯ ಬೆನ್ನು ತುಂಬ. ತಾವು ಹೆಣೆದದ್ದೇ. ಎರಡೆರಡು ಎಳೆ ಸೇರಿಸಿ ಹೊಸೆದದ್ದನ್ನು ಅವರ ಬೆರಳು ಮುಟ್ಟದೆಯೇ ಗುರುತಿಸಿತು. ಮಗಳು ನೀರೊಳಗೇ ಕೂಗಿದಳು. ಕೂಗು ಗುಳ್ಳೆಗಳಾಗಿ ಹಾರಿಹೋಯಿತು. ಅವಳ ಗಂಡನ ಬಿಡುಗಡೆ ಆ ಪುಟ್ಟ ಬೆನ್ನ ಮೇಲೆ ಕುಳಿತು ಕಾಲಾಡಿಸುತ್ತಿತ್ತು.

ಟೀಚರಮ್ಮ ಬೆಳಕನ್ನು ಇನ್ನಷ್ಟು ಹತ್ತಿರ ತಂದರು.

ಏಡಿಯ ಎಡಮಗ್ಗುಲಲ್ಲಿ, ಕೆಂಪಿನ ಪಕ್ಕಕ್ಕೇ, ಇನ್ನೊಂದು ಉಣ್ಣೆಯಿತ್ತು.

ನೀಲಿ.

ಆ ನೀಲಿ ನೀರಿನಲ್ಲಿ ಬೆಳಕಿಲ್ಲದಾಗ ಅದು ನೀರೇ ಆಗಿ ಕರಗಿಹೋಗಿತ್ತು. ಈಗ ಚೆನ್ನಾಗಿ ಕಂಡಿತು. ಕಿವಿಪಟ್ಟಿಗೆಂದು ಅವರು ಒತ್ತಾಗಿ ಹೆಣೆದ ಸಣ್ಣ ಕುಣಿಕೆಗಳು ಬಿಚ್ಚದೆ ಹಾಗೆಯೇ ಉಳಿದಿದ್ದವು. ಆ ಬಣ್ಣದ ಉಣ್ಣೆಯಲ್ಲಿ ಅವರು ಹೆಣೆದದ್ದು ಒಂದೇ ಟೋಪಿ.

ಉಸಿರು ತಪ್ಪಿತು. ಉಸಿರಿನ ಜತೆಗಿದ್ದ ನಾಮವೂ ತಪ್ಪಿತು.

ನೀರು ಬಿಟ್ಟವನ ಟೋಪಿ ಇಷ್ಟು ಆಳದಲ್ಲಿ. ವಾರವಿಡೀ ಮಂದವಾದ ಕಿವಿ. ಕೆಂಟೋಪಿ ಸತ್ತ ದಿನ ದೋಣಿಯ ಎಂಜಿನು ರಿಪೇರಿಗೆ ಕೊಟ್ಟಿದ್ದೆ ಎಂದು ಮೈದುನ ಹೇಳಿದ ಮಾತು. ಮೀನು ಹಿಡಿದುಕೊಡೋನು ಯಾರೆಂದದ್ದಕ್ಕೆ ‘ಕೇಳಿದ್ರೆ ನಿಮ್ಮ ನಿದ್ದೆ ಹೋಗುತ್ತೆ’ ಎಂದ ಸಾಹುಕಾರ. ಒಂದೊಂದೂ ತಾನಾಗಿ ಬಂದು ಏಡಿಯ ಬೆನ್ನಿಗೆ ಅಂಟಿಕೊಂಡಿತು.

ಹೆಣ ಸಾಗಿಸಿದವನು ಇಲ್ಲಿ ಸುತ್ತಲೂ ನೋಡಿಯೇ ಹೋಗಿರಬೇಕು. ಅವಸರದಲ್ಲಿ ಟಾರ್ಚ್ ಇಲ್ಲದೆ ಇಳಿದಿದ್ದನೇನೋ. ಕೆಂಪು ಅವನಿಗೆ ಪಾಚಿಯಾಗಿ ಕಂಡಿತು. ನೀಲಿ ಕಾಣಲೇ ಇಲ್ಲ.

ಟೀಚರಮ್ಮನ ಕೈ ಅವರನ್ನು ಕೇಳದೆಯೇ ಮುಂದಕ್ಕೆ ಹೋಯಿತು. ಎರಡು ಬೆರಳಿನಿಂದ ಆ ನೀಲಿಯನ್ನು ಹಿಡಿದು ಎಳೆದರೆ ಮುಗಿಯಿತು. ಕೆಂಪು ಸಾಕಲ್ಲ? ಅಳಿಯ ಮನೆಗೆ ಬರುತ್ತಾನೆ. ಮಗಳಿಗೆ ಚಿಕ್ಕಪ್ಪ ಉಳಿಯುತ್ತಾನೆ. ಯಜಮಾನರ ಮುಖದ ಛಾಯೆಯಿರುವ ಕೊನೆಯ ಮುಖವೂ ಮನೆಯಲ್ಲಿ ಉಳಿಯುತ್ತದೆ.

ಏಡಿ ಎರಡು ಕೈಯನ್ನೂ ಎತ್ತಿ ನಿಂತಿತು. ಬೆರಳಿಗಿಂತ ಸಣ್ಣ ಜೀವ. ತಾನು ಹೊತ್ತದ್ದು ಯಾರ ಪಾಪವೆಂದು ಅದಕ್ಕೆ ಗೊತ್ತಿಲ್ಲ; ಗೊತ್ತಿಲ್ಲದೆಯೂ ಬಿಟ್ಟುಕೊಡುವುದಿಲ್ಲ ಎಂದಿತು. ಕೆಂಟೋಪಿಗೂ ಮನೆಯಲ್ಲಿ ತಾಯಿಯೊಬ್ಬಳಿದ್ದಾಳೆ ಎಂಬುದು ಟೀಚರಮ್ಮನಿಗೆ ನೆನಪಾಯಿತು. ಕೈ ಹಿಂದೆ ಬಂತು.

ಅಷ್ಟರಲ್ಲಿ ಮಗಳ ಕ್ಯಾಮೆರಾ ಮಿಂಚಿತು. ಮತ್ತೊಮ್ಮೆ. ಮತ್ತೊಮ್ಮೆ.

*

ಆಳದಿಂದ ಬರುವವರು ದಡಬಡನೆ ಮೇಲೇರುವಂತಿಲ್ಲ. ಲಂಗರಿನ ಹಗ್ಗ ಹಿಡಿದು ನಡುನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ರಕ್ತಕ್ಕೆ ಸೇರಿದ ಗಾಳಿ ಮೆಲ್ಲಗೆ ಇಳಿದುಹೋಗಲಿ ಎಂದು. ತಾಯಿ ಮಗಳು ಒಂದೇ ಹಗ್ಗಕ್ಕೆ ಎರಡು ಬಾವುಟಗಳಂತೆ ಅಲೆಯುತ್ತಾ ನಿಂತರು. ಬಿಸಿಲಿನ ಕೋಲುಗಳು ಸುತ್ತಲೂ ಇಳಿದಿದ್ದವು. ತಲೆಯ ಮೇಲೆ ದೋಣಿಯ ಹೊಟ್ಟೆ, ತೊಟ್ಟಿಲಿನಂತೆ ತೂಗುತ್ತಿತ್ತು.

ಮಗಳ ಕಣ್ಣು ಮಾಸ್ಕಿನೊಳಗೆ ನಗುತ್ತಿತ್ತು. ಅವಳು ಕ್ಯಾಮೆರಾದ ಪರದೆಯನ್ನು ತಾಯಿಯ ಕಡೆ ತಿರುಗಿಸಿ ತೋರಿಸಿದಳು. ಪರದೆಯಲ್ಲಿ ಕೆಂಪು ಉರಿಯುತ್ತಿತ್ತು. ಅವಳು ನೋಡಿದ್ದು ಅದೊಂದನ್ನೇ. ಬೇಕಾದದ್ದು ಸಿಕ್ಕಿದ ಕಣ್ಣು ಬೇರೆ ಏನನ್ನು ಹುಡುಕುತ್ತದೆ?

ಟೀಚರಮ್ಮ ಮುಷ್ಟಿ ಬಿಗಿದು ತೋರಿಸಿದರು. ಅಪಾಯ. ಬೆರಳು ಮೇಲಕ್ಕೆತ್ತಿದರು.

ಮಗಳು ಮೇಲೆ ನೋಡಿದಳು. ಬೇರೆ ದೋಣಿ ಬರುತ್ತಿದೆಯೇನೋ ಎಂದು ಸುತ್ತಲೂ ನೋಡಿದಳು. ಇದ್ದದ್ದು ತಮ್ಮದೊಂದೇ. ಬೆರಳು ಮಡಿಸಿ ಸೊನ್ನೆ ಮಾಡಿ ತೋರಿಸಿದಳು: ಏನೂ ಇಲ್ಲ, ಎಲ್ಲ ಸರಿಯಿದೆ.

ನೀರೊಳಗಿನ ಭಾಷೆಯಲ್ಲಿ ಗಾಳಿ ಮುಗಿಯಿತು ಎನ್ನಬಹುದು, ಶಾರ್ಕ್ ಬಂತು ಎನ್ನಬಹುದು, ಚಳಿ ಎನ್ನಬಹುದು. ಆ ಭಾಷೆಯನ್ನು ಜನ್ಮವಿಡೀ ಕಲಿಸಿದವರಿಗೆ ಈಗ ತಿಳಿಯಿತು, ಅದರಲ್ಲಿ ಚಿಕ್ಕಪ್ಪ ಎಂಬುದಕ್ಕೆ ಸನ್ನೆಯೇ ಇಲ್ಲ.

ಅವರು ಕ್ಯಾಮೆರಾಕ್ಕೆ ಕೈ ಚಾಚಿದರು. ಮಗಳು ತಲೆಯಾಡಿಸಿ ಅದನ್ನು ಎದೆಗೆ ಅವುಚಿಕೊಂಡಳು, ಎಳೆಗೂಸನ್ನು ಯಾರೋ ಕೇಳಿದಂತೆ. ನೀನು ದಣಿದಿದ್ದೀ, ನಾನೇ ಹಿಡಿದುಕೊಳ್ಳುತ್ತೇನೆ ಎಂಬಂತೆ ತಾಯಿಯ ಭುಜ ತಟ್ಟಿದಳು. ನಿಲ್ಲುವ ಹೊತ್ತು ಮುಗಿದದ್ದೇ ತಡ, ಹಗ್ಗ ಬಿಟ್ಟು ಬಿಸಿಲಿನ ಕಡೆ ಹೊರಟೇಬಿಟ್ಟಳು.

ಟೀಚರಮ್ಮ ಅವಳ ಫಿನ್ನು ಹಿಡಿಯಹೋದರು. ಅದು ಬೆರಳಿನ ತುದಿಯಿಂದ ಜಾರಿತು.

ಅವರು ನೀರಿನ ಮೇಲೆ ತಲೆ ಎತ್ತುವ ಹೊತ್ತಿಗೆ ಮಗಳು ಅಂಗೈಯನ್ನು ನೆತ್ತಿಯ ಮೇಲಿಟ್ಟು ದೋಣಿಯವನಿಗೆ ಕ್ಷೇಮದ ಸನ್ನೆ ಮಾಡಿ ಆಗಿತ್ತು.

“ಸಿಕ್ತು ಚಿಕ್ಕಪ್ಪಾ! ಸಿಕ್ಕೇಬಿಡ್ತು! ಏಡಿ ಮೈಮೇಲೆ ಕೆಂಟೋಪಿ ಉಣ್ಣೆ! ಅವರು ನಾಳೆ ಮನೆಗೆ ಬರ್ತಾರೆ!”

“ಮಗಳೇ, ನಿಲ್ಲು,” ಎಂದರು ಟೀಚರಮ್ಮ. ಬಾಯಿಗೆ ಅಲೆ ಹೊಡೆಯಿತು.

ಕ್ರಮವೆಂದರೆ ಕ್ರಮ. ಮೊದಲು ಕ್ಯಾಮೆರಾ. ಮಗಳು ಎರಡೂ ಕೈಯಲ್ಲಿ ಅದನ್ನು ಮೇಲೆತ್ತಿ ಹಿಡಿದಳು. ಮೈದುನ ಬಾಗಿ ತೆಗೆದುಕೊಂಡ.

ಆಮೇಲೆ ಅವಳ ಸೀಸದ ಪಟ್ಟಿ. ಆಮೇಲೆ ಸಿಲಿಂಡರು. ಎಲ್ಲವನ್ನೂ ಅವನು ದಿನದಂತೆ ತೆಗೆದುಕೊಂಡ, ದಿನದಂತೆ ಸಾಲಾಗಿ ಇಟ್ಟ. ಅವಳ ರಟ್ಟೆ ಹಿಡಿದು ಜೋಪಾನವಾಗಿ ಏಣಿ ಹತ್ತಿಸಿದ. “ಮೈ ಒರೆಸಿಕೋ, ಚಳಿ ಹತ್ತುತ್ತೆ,” ಎಂದು ತಲೆಗೆ ಸುತ್ತಿದ್ದ ಟವಲನ್ನು ಬಿಚ್ಚಿ ಅವಳಿಗೆ ಹೊದಿಸಿದ. ಅವನ ಎಡಗಿವಿಗೆ ಹತ್ತಿ ತುರುಕಿತ್ತು. ಹತ್ತಿಯ ತುದಿ ಕಂದಾಗಿತ್ತು.

ಆಮೇಲೆ ಕ್ಯಾಮೆರಾ ಎತ್ತಿಕೊಂಡು ನೋಡಿದ.

ಬಹಳ ಹೊತ್ತು ನೋಡಿದ. ಚಿತ್ರವನ್ನು ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ದೋಣಿಯ ಪಕ್ಕಕ್ಕೆ ನೀರು ಸುಮ್ಮನೆ ತಟ್ಟುತ್ತಿತ್ತು.

“ಚೆನ್ನಾಗಿ ಬಂದಿದೆ ಅಲ್ವಾ ಚಿಕ್ಕಪ್ಪ?” ಎಂದಳು ಮಗಳು ತಲೆಯೊರೆಸುತ್ತಾ.

“ಚೆನ್ನಾಗಿ ಬಂದಿದೆ ಕಂದ.”

ಅವನು ದೋಣಿಯ ಅಂಚಿಗೆ ಬಂದು ಮಂಡಿಯೂರಿದ. ಬಲಗಿವಿಯನ್ನು ನೀರಿನ ಕಡೆ ತಿರುಗಿಸಿದ, ಉತ್ತರ ತಪ್ಪಿಹೋಗದಿರಲಿ ಎಂಬಂತೆ. ಒಂದು ಕೈ ಏಣಿಯ ಮೇಲಿತ್ತು. ಮುಖ ಯಜಮಾನರದೇ ಮುಖ. ತಪ್ಪು ಮಾಡಿ ಬಂದು ಬಾಗಿಲಲ್ಲಿ ನಿಂತಾಗ ಅವರೂ ಹೀಗೆಯೇ ನೋಡುತ್ತಿದ್ದರು.

“ಅತ್ತಿಗೆ,” ಎಂದ, ಮಗಳಿಗೆ ಕೇಳಿಸದಷ್ಟು ಮೆತ್ತಗೆ. “ಇದರಲ್ಲಿ ಎರಡು ಬಣ್ಣ ಇದೆ. ಮಗು ಒಂದೇ ನೋಡಿದೆ. ನೀವು ಎಷ್ಟು ನೋಡಿದ್ರಿ?”

ಕ್ಷೇಮವೆಂದು ನೆತ್ತಿಯ ಮೇಲೆ ಕೈಯಿಟ್ಟರೆ ಸಾಕಾಗಿತ್ತು. ಆ ಸನ್ನೆಯಲ್ಲಿ ಅವರು ಇದುವರೆಗೂ ಯಾರಿಗೂ ಸುಳ್ಳು ಹೇಳಿರಲಿಲ್ಲ. ಕೈ ನೀರಿನಿಂದ ಅರ್ಧಕ್ಕೆ ಎದ್ದಿತು. ಹನಿಗಳು ತೊಟ್ಟಿಕ್ಕಿದವು.

ಟೀಚರಮ್ಮ ಕೈ ಇಳಿಸಿದರು.

“ಎರಡು,” ಎಂದರು.

ಮೈದುನ ತಲೆಯಾಡಿಸಿದ. ನೀವು ಹಾಗೇ ಹೇಳ್ತೀರಿ ಅಂತ ಗೊತ್ತಿತ್ತು ಎಂಬಂತೆ, ದುಃಖದಿಂದ.

ಏಣಿ ಮೆಟ್ಟಿಲು ಮೆಟ್ಟಿಲಾಗಿ, ನೀರು ಸುರಿಸುತ್ತಾ, ಮೇಲಕ್ಕೆ ಹೋಯಿತು.

“ಚಿಕ್ಕಪ್ಪಾ,” ಎಂದಳು ಟವಲಿನೊಳಗಿಂದ ಮಗಳು, “ಅಮ್ಮ ಇನ್ನೂ ನೀರಲ್ಲಿದಾರೆ!”